ಆ ಅರ್ಧ ಗಂಟೆ ಎಲ್ಲಿ ಹೋಯಿತು?

ಮುಂಬೈ ಪಕ್ಕದ ಡೊಂಬಿವಲಿಯಿಂದ ಬರೆದ ಓದುಗರಿಗೆ ನಮಸ್ಕಾರ.

ಸಕ್ಕರೆ ಕಾಯಿಲೆಯ ನಿಮ್ಮ ಅತ್ತೆ ದಿನವಿಡೀ ಕನ್ನಡ ಚಾನೆಲ್ ಹಾಕಿಕೊಂಡು ಕೂರುತ್ತಾರೆ, ಸೀರಿಯಲ್ಲು, ಭವಿಷ್ಯ, ಜಾಹೀರಾತು ಬಿಟ್ಟರೆ ಬೇರೇನೂ ಕಾಣಲ್ಲ, ಉಪಯೋಗ ಆಗುವಂಥದ್ದನ್ನೂ ತೋರಿಸಿ ಅಂತ ಈ ಚಾನೆಲ್ಲಿನವರಿಗೆ ಹೇಳೋರೇ ಇಲ್ವಾ ಅಂತ ಕೇಳಿದ್ದೀರಿ.

ಇದ್ದಾರೆ. ನಿಯಮವೂ ಇದೆ. ಟಿವಿ ಪ್ರಸಾರ ಸಾಗುವ ಆಕಾಶದ ತರಂಗ ಜನರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಅದೂ ಕ್ರಿಕೆಟ್ ಪ್ರಸಾರದ ಜಗಳದಲ್ಲಿ! ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ತಂದ ಮಾರ್ಗಸೂಚಿಯ ಪ್ರಕಾರ ಖಾಸಗಿ ಚಾನೆಲ್ಲುಗಳು ದಿನಕ್ಕೆ 30 ನಿಮಿಷ ಜನಹಿತದ ವಿಷಯ ತೋರಿಸಬೇಕು. ಶಿಕ್ಷಣ, ಕೃಷಿ, ಆರೋಗ್ಯ, ವಿಜ್ಞಾನ, ಮಹಿಳೆಯರ ಕಲ್ಯಾಣ, ಪರಿಸರ, ಹೀಗೆ ಎಂಟು ಬಾಬತ್ತು. ಸ್ಪೋರ್ಟ್ಸ್ ಚಾನೆಲ್‌ನಂಥವಕ್ಕೆ ವಿನಾಯಿತಿ.

ಹಾಗಾದರೆ ನಿಮ್ಮ ಅತ್ತೆಗೆ ಯಾಕೆ ಕಾಣಲಿಲ್ಲ? ಈ ನಿಯಮದ ಬಗ್ಗೆ ಸರ್ಕಾರವೇ 2023ರ ಜನವರಿಯಲ್ಲಿ ಹೊರಡಿಸಿದ ಸಲಹಾಪತ್ರ ನೋಡಿ. ಅರ್ಧ ಗಂಟೆ ಒಂದೇ ಸಲ ಬರಬೇಕಿಲ್ಲ, ಚೂರುಚೂರಾಗಿ ಹಂಚಬಹುದು. ಹಳೆಯದನ್ನೇ ಮತ್ತೆ ಹಾಕಬಹುದು. ಬೇರೆ ಕಾರ್ಯಕ್ರಮದೊಳಗೆ ಸೇರಿಸಿದ್ದೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಸೀರಿಯಲ್ಲಿನ ಸೊಸೆ ಅತ್ತೆಗೆ ಕಾಫಿ ಕೊಡುತ್ತಾ "ಸಕ್ಕರೆ ಹಾಕಿಲ್ಲ, ನಿಮಗೆ ಶುಗರ್ ಅಲ್ವಾ" ಅಂದರೆ ಅದನ್ನೂ ಆರೋಗ್ಯದ ಲೆಕ್ಕಕ್ಕೆ ಬರೆಯಲು ದಾರಿ ಇದೆ. ತಮಾಷೆಗೆ ಹೇಳ್ತಿದ್ದೀನಿ, ಆದರೆ ಪೂರ್ತಿ ತಮಾಷೆಯೂ ಅಲ್ಲ. ಸದ್ಯ, ನಡುರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಹಾಕಿದ್ದು ಎಣಿಕೆಗೆ ಸೇರಲ್ಲ.

ಈ ಲೆಕ್ಕವನ್ನು ಚಾನೆಲ್ಲಿನವರು ತಿಂಗಳಿಗೊಮ್ಮೆ ಸರ್ಕಾರದ ಪೋರ್ಟಲ್ಲಿಗೆ ಹಾಕಬೇಕು. ಸರ್ಕಾರಕ್ಕೆ ಗೊತ್ತಾಯ್ತು, ಸರಿ. ಸೋಫಾ ಮೇಲೆ ಕೂತವರಿಗೆ? ನನ್ನ ತಕರಾರು ಇಷ್ಟೇ. 2012ರಲ್ಲಿ ಮುಂಬೈ ಕೇಬಲ್ ಡಿಜಿಟಲ್ ಆದಾಗ ನಾವೇ ದುಡ್ಡು ಕೊಟ್ಟು ಸೆಟ್-ಟಾಪ್ ಬಾಕ್ಸ್ ತಂದೆವು. ಅದು ಪರದೆ ಮೇಲೆ ತೋರಿಸುವ ಕಾರ್ಯಕ್ರಮಗಳ ಪಟ್ಟಿಯಲ್ಲಿ ಪ್ರತಿ ಸೀರಿಯಲ್ಲಿನ ಹೆಸರು, ಹೊತ್ತು ಬರುತ್ತದೆ. ಜನಹಿತದ ತುಣುಕು ಬಂದಾಗ ಪರದೆಯ ಮೂಲೆಯಲ್ಲಿ ಒಂದು ಗುರುತು ಹಾಕೋಕೆ ಏನು ಕಷ್ಟ?

ಊರಿನವರಿಗಿಂತ ಮುಂಬೈ ಕಡೆ ಇರುವ ನಮ್ಮಂಥ ಕನ್ನಡಿಗರಿಗೆ ಇದು ಜಾಸ್ತಿ ಬೇಕು. ಇಲ್ಲಿ ಡಾಕ್ಟರು ಮರಾಠಿಯಲ್ಲೋ ಹಿಂದಿಯಲ್ಲೋ ಪಥ್ಯ ಹೇಳಿ ಕಳಿಸುತ್ತಾರೆ, ವಯಸ್ಸಾದವರು ಸುಮ್ನೆ ತಲೆಯಾಡಿಸಿ ಬರುತ್ತಾರೆ. ಅದನ್ನೇ ಕನ್ನಡದಲ್ಲಿ ಬಿಡಿಸಿ ಹೇಳುವ ಧ್ವನಿ ಮನೆಯಲ್ಲಿ ಟಿವಿಯದ್ದೊಂದೇ.

ಒಂದು ಕೆಲಸ ಮಾಡಿ. ಒಂದು ವಾರ ಅತ್ತೆಯ ಕೈಗೆ ಪೆನ್ನು, ಹಳೇ ಕ್ಯಾಲೆಂಡರ್ ಹಾಳೆ ಕೊಡಿ. ಉಪಯೋಗದ್ದು ಅನಿಸಿದ್ದೆಲ್ಲ ಎಷ್ಟು ಗಂಟೆಗೆ, ಎಷ್ಟು ನಿಮಿಷ ಬಂತು ಅಂತ ಬರೆದಿಡಲಿ. ಹಾಳೆ ನಮಗೆ ಕಳಿಸಿ, ಒಂದು ಪ್ರತಿ ಚಾನೆಲ್ಲಿಗೂ ಹೋಗಲಿ. ಖಾಲಿ ಇದ್ದರೆ ಖಾಲಿಯಾಗಿಯೇ ಅಚ್ಚು ಹಾಕುತ್ತೇವೆ.

- ಸಂಪಾದಕ