ಜನ ಹೆಚ್ಚಾದರೋ, ಕೆಲಸ ಕಡಿಮೆಯಾಯಿತೋ?

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗ ಬಿ.ಕಾಂ. ಮುಗಿಸಿ ಮನೆಯಲ್ಲೇ ಇದ್ದಾನೆ. ಒಂದು ಗುಮಾಸ್ತೆ ಹುದ್ದೆಗೆ ಸಾವಿರಾರು ಅರ್ಜಿ ಬೀಳುತ್ತವೆ. ಜನ ಹೀಗೇ ಹೆಚ್ಚಿದರೆ ಯಾವ ಸರ್ಕಾರ ಬಂದರೂ ಅಷ್ಟೇ. ಎರಡೇ ಮಕ್ಕಳು ಎಂಬ ಕಾನೂನು ತನ್ನಿ ಎಂದು ನೀವೇಕೆ ಬರೆಯುವುದಿಲ್ಲ?"

ನೀವು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಇಪ್ಪತ್ತೈದು ವರ್ಷದ ಹಿಂದೆ ದೇಶದಲ್ಲಿ ಒಬ್ಬ ತಾಯಿಗೆ ಸರಾಸರಿ ಮೂರರ ಹತ್ತಿರ ಮಕ್ಕಳು. ಅವರೇ ಈಗ ಡಿಗ್ರಿ ಹಿಡಿದು ಸಾಲಿನಲ್ಲಿ ನಿಂತಿರುವವರು. ನಮ್ಮ ಕಡೆ ತೋಟದಲ್ಲೂ ಇದು ಕಾಣುತ್ತದೆ. ಅಜ್ಜನ ಮೂರೆಕರೆ ಅಡಿಕೆ ತೋಟ ಅಣ್ಣತಮ್ಮಂದಿರಲ್ಲಿ ಪಾಲಾಗಿ, ಮೊಮ್ಮಕ್ಕಳ ಕೈಗೆ ಬರುವಾಗ ಗುಂಟೆ ಲೆಕ್ಕಕ್ಕೆ ಇಳಿದಿರುತ್ತದೆ.

ಆದರೆ ಕಾನೂನು ಇವತ್ತೇ ಬಂದರೂ, ಮುಂದಿನ ಇಪ್ಪತ್ತು ವರ್ಷ ಕೆಲಸ ಕೇಳುವವರು ಆಗಲೇ ಹುಟ್ಟಿಬಿಟ್ಟಿದ್ದಾರೆ, ಅಲ್ವಾ? ಅದೂ ಅಲ್ಲದೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ 1.7ಕ್ಕೆ ಇಳಿದಿದೆ. ಎರಡು ಮಕ್ಕಳು ಕೂಡ ಇಲ್ಲ. ಕಾನೂನು ಯಾರಿಗೆ?

ಮಲೆನಾಡಿನ ಲೆಕ್ಕವಂತೂ ಉಲ್ಟಾ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ 15ಕ್ಕಿಂತ ಜಾಸ್ತಿ ಬೆಳೆಯಿತು. ಶಿವಮೊಗ್ಗ ಜಿಲ್ಲೆಯದು ಶೇ 7ರ ಒಳಗೇ. ಪಕ್ಕದ ಚಿಕ್ಕಮಗಳೂರಿನಲ್ಲಿ ಜನ ಕಡಿಮೆಯೇ ಆದರು. ಜನ ಕಡಿಮೆಯಾದ ಕಡೆ ಕೆಲಸ ಸುಲಭವಾಗಿ ಸಿಗಬೇಕಿತ್ತು. ಹಾಗಿದ್ದರೆ ಬೆಂಗಳೂರಿನ ರಾತ್ರಿ ಬಸ್ಸುಗಳು ಯಾಕೆ ತುಂಬಿ ಹೋಗುತ್ತವೆ?

ಇನ್ನೊಂದು ಅಂಕಿ ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸೇರಿ 2024ರಲ್ಲಿ ತಂದ ಭಾರತ ಉದ್ಯೋಗ ವರದಿಯ ಪ್ರಕಾರ, ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4. ಪದವೀಧರರಲ್ಲಿ ಶೇ 29.1. ಬಡವರ ಮಕ್ಕಳಿಗೆ ಸುಮ್ನೆ ಕೂರುವ ಅನುಕೂಲವಿಲ್ಲ, ಸಿಕ್ಕಿದ ಕೂಲಿಗೆ ಹೋಗುತ್ತಾರೆ. ಕಾಯುವುದು ಓದಿದವರು. ನಾವು ಕಾಲೇಜು ಹೆಚ್ಚಿಸಿದೆವು, ಆ ಓದಿಗೆ ತಕ್ಕ ಕೆಲಸ ಹೆಚ್ಚಿಸಲಿಲ್ಲ.

ಇದ್ದದ್ದನ್ನೂ ಕಳೆದುಕೊಂಡೆವು. ಭದ್ರಾವತಿ ನೋಡಿ. ಎಂಪಿಎಂ ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ವಿಐಎಸ್ಎಲ್ ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ 2023ರಲ್ಲಿ ಹೊರಬಿದ್ದಾಗ ಊರೇ ಬೀದಿಗಿಳಿಯಿತು. ಅಲ್ಲಿನ ಒಂದೊಂದು ಸಂಬಳದ ಮೇಲೆ ಒಂದು ದಿನಸಿ ಅಂಗಡಿ, ಒಂದು ಆಟೋ, ಒಂದು ಟೈಲರ್ ಅಂಗಡಿ ನಡೆಯುತ್ತಿತ್ತು. ಕ್ವಾರ್ಟರ್ಸ್ ಖಾಲಿಯಾಗಿದ್ದಕ್ಕೆ ಯಾರದೋ ಮನೆಯ ಮೂರನೇ ಮಗು ಕಾರಣವೇ?

"ತೋಟಕ್ಕೆ ಆಳೇ ಸಿಗುವುದಿಲ್ಲ, ಹುಡುಗರು ಸೋಮಾರಿಗಳು" ಎನ್ನುವವರೂ ಇದ್ದಾರೆ. ಅಡಿಕೆ ಕೊನೆ (ಗೊನೆ) ತೆಗೆಯುವ ಕಾಲದಲ್ಲಿ ಆಳಿಗೆ ಪರದಾಟ ನಿಜ. ಆದರೆ ಅದು ಸೀಸನ್ನಿನ ಕೆಲಸ, ಮರದಿಂದ ಬಿದ್ದರೆ ಗತಿಯಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರವಾದ ಉದ್ದನೆಯ ಕೋಲು, ಬಂದಿದೆ. ನೆಲದಲ್ಲಿ ನಿಂತೇ ಕೊನೆ ತೆಗೆಯಬಹುದು, ಔಷಧಿ ಹೊಡೆಯಬಹುದು. ಅದನ್ನು ಕಲಿತ ಹುಡುಗರಿಗೆ ಒಳ್ಳೆಯ ಕೂಲಿ ಇದೆ. ಹಾಗಂತ ನಿಮ್ಮ ಮಗ ಬಿ.ಕಾಂ. ಬಿಟ್ಟು ದೋಟಿ ಹಿಡಿಯಲಿ ಎಂದು ನಾವು ಹೇಳುವುದಿಲ್ಲ.

ರಾಜ್ಯ ಸರ್ಕಾರದ ಯುವನಿಧಿ ಯೋಜನೆ ಶುರುವಾಗಿದ್ದು ನಮ್ಮ ಶಿವಮೊಗ್ಗದಲ್ಲೇ, 2024ರ ಜನವರಿ 12ರಂದು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಫೀಸು, ಬಸ್ ಚಾರ್ಜಿಗೆ ಆದೀತು. ಆಮೇಲೇನು ಎಂದು ಓಟು ಕೇಳಲು ಬಂದವರನ್ನು ನೀವು ಕೇಳಿ. ನಾವೂ ಇಲ್ಲಿ ಕೇಳುತ್ತಿರುತ್ತೇವೆ. ಎರಡೇ ಮಕ್ಕಳ ಕಾನೂನಿಗಾಗಿ ಮಾತ್ರ ನಾವು ಬರೆಯುವುದಿಲ್ಲ.

– ಸಂಪಾದಕ