ಪ್ರತಿಕ್ರಿಯೆ: ಮಗಳ ಭಾಷಣಕ್ಕೆ ನಮ್ಮ ನಾಡಿನ ವಿಜ್ಞಾನಿ

ನಮಸ್ಕಾರ. ಒಂಬತ್ತನೇ ತರಗತಿಯ ಮಗಳ ಭಾಷಣಕ್ಕೆ ಎಲ್ಲರೂ ಕಲ್ಪನಾ ಚಾವ್ಲಾ ಹೆಸರನ್ನೇ ಹೇಳುತ್ತಿದ್ದಾರೆ, ಕರ್ನಾಟಕದವರೇ ಆದ ಮಹಿಳಾ ವಿಜ್ಞಾನಿ ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದೀರಿ. ಇದ್ದಾರೆ. ರಾಜೇಶ್ವರಿ ಚಟರ್ಜಿ. ಹುಟ್ಟಿದ್ದು 1922ರಲ್ಲಿ, ನಂಜನಗೂಡಿನಲ್ಲಿ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದೇ ಹೆಸರಾದವರು. ಆದರೂ ನಮ್ಮ ಮಕ್ಕಳಿಗೆ ಅವರ ಹೆಸರೇ ಗೊತ್ತಿಲ್ಲವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಭಾಷಣವನ್ನು ಅವರ ಅಜ್ಜಿಯಿಂದ ಶುರು ಮಾಡಿಸಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಓದು ಆ ಮನೆಯ ಹೆಣ್ಣುಮಕ್ಕಳಿಗೆ ಬಳುವಳಿಯಾಗಿಯೇ ಬಂದಿತ್ತು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. 1947ರಲ್ಲಿ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿ ಅಮೆರಿಕಕ್ಕೆ ಹೊರಟರು! ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ವಾಪಸ್ ಬಂದು, ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಪಾಠ ಹೇಳತೊಡಗಿದರು. ಮುಂದೆ ಅಲ್ಲಿನ ತಮ್ಮ ವಿಭಾಗದ ಮುಖ್ಯಸ್ಥೆಯೂ ಆದರು. 1982ರಲ್ಲಿ ನಿವೃತ್ತಿ, 2010ರಲ್ಲಿ ನಿಧನ.

ಅವರ ಕ್ಷೇತ್ರ ಮೈಕ್ರೋವೇವ್ ಎಂಬ ರೇಡಿಯೋ ಅಲೆಗಳು ಮತ್ತು ಅಂಥ ಅಲೆಗಳನ್ನು ಕಳಿಸುವ, ಹಿಡಿಯುವ ಆಂಟೆನಾ. ಮೈಕ್ರೋವೇವ್ ಅಂದಕೂಡಲೇ ಮಕ್ಕಳಿಗೆ ಅಡುಗೆಮನೆಯ ಒಲೆ ನೆನಪಾಗುತ್ತದೆ. ಆದರೆ ವಿಮಾನ ಎಲ್ಲಿದೆ ಎಂದು ಪತ್ತೆಹಚ್ಚುವ ರೇಡಾರ್, ನಮ್ಮ ಕೈಯಲ್ಲಿರುವ ಮೊಬೈಲ್, ಎರಡೂ ನಡೆಯುವುದು ಅದೇ ಅಲೆಗಳ ಮೇಲೆ ಎಂದು ಮಗಳು ವಿವರಿಸಲಿ. ರಾಜೇಶ್ವರಿಯವರ ಪತಿ ಶಿಶಿರ್ ಕುಮಾರ್ ಚಟರ್ಜಿಯವರೂ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು, ಇಬ್ಬರೂ ಕೂಡಿ ಸಂಶೋಧನೆ ಮಾಡಿದರು.

ಒಂದು ವಿನಂತಿ: ‘ಮೊದಲ ಮಹಿಳೆ’ ಎಂಬಲ್ಲಿಗೇ ಭಾಷಣ ನಿಲ್ಲದಿರಲಿ. ಅವರ ಕೆಲಸದ ಬಗ್ಗೆಯೇ ಹೆಚ್ಚು ಮಾತಾಡಲಿ. ಭಾಷಣ ಹೇಗಾಯಿತು ಎಂದು ಖಂಡಿತ ಇಲ್ಲಿ ಬರೆಯಿರಿ.