ಸ್ಟೋಮಾ ಮುಚ್ಚೋದು ಯಾವಾಗ? ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಐವತ್ತರ ಆಸುಪಾಸಿನವರು. ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಕೆಳಗೆ ಕರುಳು ಜೋಡಿಸಿದ ಜಾಗ ಮಾಯುವವರೆಗೆ ಅಲ್ಲಿ ಮಲ ಹಾಯಬಾರದು ಅಂತ ಸಣ್ಣಕರುಳಿನ ಒಂದು ಭಾಗವನ್ನು ಹೊಟ್ಟೆಯ ಮೇಲಕ್ಕೆ ತಂದು ತಾತ್ಕಾಲಿಕ ಸ್ಟೋಮಾ, ಅಂದರೆ ಮಲ ಹೊರಗಿನ ಬ್ಯಾಗಿಗೆ ಬೀಳುವ ಬಾಯಿ, ಮಾಡಿದ್ದರು. ಎರಡು ಮೂರು ತಿಂಗಳಲ್ಲಿ ಮುಚ್ಚುತ್ತೇವೆ ಎಂದಿದ್ದರಂತೆ. ಆರನೇ ತಿಂಗಳು ನಡೆಯುತ್ತಿತ್ತು. ಪಕ್ಕದ ಬೆಡ್‌ನವರಿಗೆ ಆಗಲೇ ಮುಚ್ಚಿಯಾಗಿದೆ. "ನನ್ನಿಂದ ಏನೋ ಮುಚ್ಚಿಡ್ತಿದ್ದಾರೆ ಮೇಡಂ, ರೋಗ ವಾಪಸ್ ಬಂದಿರಬೇಕು" ಎಂದರು. ಮಾತಾಡುವಷ್ಟು ಹೊತ್ತೂ ಶರ್ಟಿನ ಮೇಲಿಂದ ಬ್ಯಾಗನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದರು, ಸದ್ದು ಬಂದೀತು ಅಂತ.

ಫೈಲ್ ಅವರ ಹೆಂಡತಿಯ ಕೈಯಲ್ಲಿತ್ತು. ಮೂವರೂ ಕೂತು ಓದಿದೆವು. ರೋಗ ಮರಳಿದ ಮಾತು ಎಲ್ಲೂ ಇರಲಿಲ್ಲ. ಇದ್ದದ್ದು ಕೀಮೋ. ಸಾಮಾನ್ಯವಾಗಿ 8ರಿಂದ 12 ವಾರಕ್ಕೆ ಮುಚ್ಚುತ್ತಾರೆ, ಆದರೆ ಮಧ್ಯೆ ಕೀಮೋ ಬಂದರೆ ಅದು ಮುಗಿದು ರಕ್ತದ ಕಣಗಳು ಸುಧಾರಿಸುವವರೆಗೆ ಕಾಯುವುದೇ ಹೆಚ್ಚು, ಹಾಗಾಗಿ ಆರೇಳು ತಿಂಗಳಾಗುವುದು ಅಪರೂಪವೇನಲ್ಲ. ಪಕ್ಕದ ಬೆಡ್‌ನವರಿಗೆ ಕೀಮೋ ಇರಲೇ ಇಲ್ಲವಂತೆ, ಅದನ್ನು ಹೆಂಡತಿಯೇ ನೆನಪು ಮಾಡಿಕೊಂಡರು. ಎರಡು ವಾರದೊಳಗೆ ಮುಚ್ಚಿದವರೂ ಇದ್ದಾರೆ, ಅದು ಜೋಡಣೆ ಸರಿಯಾಗಿದೆ ಅಂತ ಪರೀಕ್ಷೆಯಲ್ಲಿ ಖಚಿತವಾದ, ಬೇರೆ ತೊಂದರೆಯಿಲ್ಲದ, ಆಯ್ದ ಕೆಲವರಿಗೆ ಮಾತ್ರ.

ಇನ್ನೊಂದು ಕಾರಣ ಅವರ ದಿನಚರಿಯಲ್ಲೇ ಇತ್ತು. ಹೊರಗೆ ಹೋದಾಗ ಬ್ಯಾಗ್ ತುಂಬಬಾರದು ಅಂತ ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದರು. ಮೂತ್ರಪಿಂಡ ಹೇಗಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ ಏರಿತ್ತು. ಮೂತ್ರಪಿಂಡ ಬಳಲಿರುವಾಗ ಸರ್ಜನ್ ಮುಚ್ಚಲು ಒಪ್ಪುವುದು ಕಷ್ಟ, ಅಲ್ವಾ? ಸಣ್ಣಕರುಳಿನ ಸ್ಟೋಮಾದಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ, ಜಾಸ್ತಿ ಸೋರುತ್ತಿದ್ದರೆ ಬರೀ ನೀರು ಕುಡಿದು ಅದು ತುಂಬುವುದಿಲ್ಲ. ಓಆರ್‌ಎಸ್ ಎಷ್ಟು ಅಂತ ಡಾಕ್ಟರನ್ನೇ ಕೇಳಿ, ಬ್ಯಾಗ್ ಖಾಲಿ ಮಾಡುವಾಗ ಅಳತೆಯ ಜಗ್ ಬಳಸಿ, ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ, ತಲೆ ಸುತ್ತಿದರೆ, ಮೂತ್ರ ಕಮ್ಮಿಯಾದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ ಎಂದೆ.

ಮತ್ತೆ, ಸರ್ಜನ್ ಹತ್ತಿರ "ಯಾವಾಗ" ಅಂತ ಮಾತ್ರ ಕೇಳಬೇಡಿ, "ಏನೇನು ಆಗಬೇಕು" ಅಂತ ಕೇಳಿ ಎಂದೆ. ಜೋಡಣೆ ಲೀಕ್ ಇಲ್ಲ ಅಂತ ನೋಡಲು ಕೆಳಗಿನಿಂದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆಯುತ್ತೀರೋ, ಕ್ಯಾಮೆರಾ ಕೊಳವೆ ಹಾಕಿ ನೋಡುವ ಸ್ಕೋಪಿಯೋ? ಕೀಮೋ ಮುಗಿದು ಎಷ್ಟು ವಾರಕ್ಕೆ? ಈ ಪ್ರಶ್ನೆಗಳನ್ನು ಅವರೇ ಫೈಲಿನ ಹಿಂದೆ ಬರೆದುಕೊಂಡರು.

"ಮುಚ್ಚದೇ ಇರೋದೂ ಉಂಟಾ?" ಎಂದು ಹೆಂಡತಿ ಕೇಳಿದರು. ಉಂಟು, ಕೆಲವರಿಗೆ ಅದು ಶಾಶ್ವತವಾಗಿ ಉಳಿಯುತ್ತದೆ, ಅದನ್ನೂ ಸರ್ಜನ್ ಬಾಯಿಂದಲೇ ಕೇಳಿಕೊಳ್ಳಿ ಎಂದೆ. ಸುಮ್ನೆ ಧೈರ್ಯ ಹೇಳುವ ಮಾತು ಅಲ್ಲಿ ಸಲ್ಲದು.

ಮುಚ್ಚಿದ ಮೇಲಿನ ದಿನಗಳ ಬಗ್ಗೆ ಅವರಿಗೆ ಯಾರೂ ಹೇಳಿರಲಿಲ್ಲ. ಗುದನಾಳ ತೆಗೆದವರಿಗೆ ದಿನಕ್ಕೆ ಹಲವು ಸಲ, ಬೆನ್ನುಬೆನ್ನಿಗೆ, ತಡೆಯಲಾಗದ ಅವಸರ ಬರಬಹುದು. ತಿಂಗಳುಗಳು ಕಳೆದಂತೆ ಬಹಳಷ್ಟು ಜನರಿಗೆ ಹಿಡಿತ ಬರುತ್ತದೆ, ಎಲ್ಲರಿಗೂ ಮೊದಲಿನಂತೆ ಆಗುವುದಿಲ್ಲ. ಗುದದ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಈಗಲೇ ಶುರು ಮಾಡಬಹುದಾ ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ, ಮುಚ್ಚಿದ ಮರುವಾರವೇ ಕೆಲಸಕ್ಕೆ ಹೋಗುವ ಯೋಚನೆ ಬಿಡಿ ಎಂದೆ.

ಕೀಮೋ ಮುಗಿದ ಮೇಲೆ ಬಂದಿದ್ದರು. ಕ್ರಿಯಾಟಿನಿನ್ ಇಳಿದಿದೆ. ಎಕ್ಸ್‌ರೇಗೆ ದಿನ ಗೊತ್ತಾಗಿದೆ, ಆಪರೇಷನ್ನಿಗೆ ಇನ್ನೂ ಇಲ್ಲ.